ಕಣ ಸಿಗುತ್ತಿಲ್ಲ ಅಥವಾ ಅತಿಯಾಗಿ ಸಿಗುತ್ತಿದೆ: ರಕ್ತದ ಹರಿವು ಮತ್ತು ಕಾಂತ ಚಿಕಿತ್ಸೆಯ ಸಿಮ್ಯುಲೇಷನ್‌ನಲ್ಲಿ ದೋಷ ಪತ್ತೆ

ದೇಹದ ಹೊರಗೆ ಕಾಂತವನ್ನಿಟ್ಟು, ರಕ್ತದಲ್ಲಿ ಸಾಗುವ ಔಷಧಲೇಪಿತ ಕಾಂತೀಯ ಕಣಗಳನ್ನು ಬೇಕಾದ ಜಾಗದಲ್ಲಿ ಹಿಡಿದು ನಿಲ್ಲಿಸುವ ಚಿಕಿತ್ಸೆಯನ್ನು ಕಂಪ್ಯೂಟರಿನಲ್ಲಿ ಮಾದರಿಗೊಳಿಸುವವರಿಗೆ ಮೂರು ಬಗೆಯ ತೊಂದರೆಗಳು ಪದೇ ಪದೇ ಎದುರಾಗುತ್ತವೆ. ಒಂದೋ ಕಾಂತ ಎಷ್ಟೇ ಬಲವಾಗಿದ್ದರೂ ಒಂದು ಕಣವೂ ಗೋಡೆಗೆ ಅಂಟುವುದಿಲ್ಲ. ಇಲ್ಲವೇ ದೊಡ್ಡ ಅಪಧಮನಿಯಲ್ಲೇ ಅರ್ಧಕ್ಕಿಂತ ಹೆಚ್ಚು ಕಣಗಳು ಸೆರೆಸಿಕ್ಕಿದಂತೆ ಫಲಿತಾಂಶ ಬರುತ್ತದೆ. ಅದೂ ಅಲ್ಲದಿದ್ದರೆ ಕಾಂತಕ್ಷೇತ್ರವನ್ನು ಸೇರಿಸಿದ ಕೂಡಲೇ ಸಾಲ್ವರ್ (ಸಮೀಕರಣಗಳನ್ನು ಬಿಡಿಸುವ ತಂತ್ರಾಂಶ) ಕುಸಿದು ಬೀಳುತ್ತದೆ. ಮೂರರಲ್ಲೂ ಅನುಮಾನ ಮೊದಲು ಹೋಗುವುದು ಕಾಂತದ ಸಮೀಕರಣಗಳ ಕಡೆಗೆ. ಆದರೆ ದೋಷ ಅಲ್ಲಿರುವುದು ಕಡಿಮೆ. ಬಹುಪಾಲು ಅದು ಏಕಮಾನಗಳಲ್ಲಿ, ಗೋಡೆಯ ಪಕ್ಕದ ಮೆಶ್‌ನಲ್ಲಿ (ನಾಳವನ್ನು ಸಣ್ಣ ಕೋಶಗಳಾಗಿ ಒಡೆದ ಜಾಲರಿಯಲ್ಲಿ) ಅಥವಾ ಕಣಗಳನ್ನು ಒಳಗೆ ಬಿಟ್ಟ ರೀತಿಯಲ್ಲಿ ಅಡಗಿರುತ್ತದೆ. ಎರಡನೆಯ ದೂರು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅದು ದೂರಿನಂತೆ ಕಾಣುವುದೇ ಇಲ್ಲ, ಒಳ್ಳೆಯ ಫಲಿತಾಂಶದಂತೆ ಕಾಣುತ್ತದೆ.

ದೋಷವನ್ನು ಮೊದಲು ಬೇರ್ಪಡಿಸಿ

ಹರಿವು, ಕಾಂತಕ್ಷೇತ್ರ ಮತ್ತು ಕಣಗಳು ಮೂರನ್ನೂ ಒಟ್ಟಿಗೆ ಓಡಿಸುತ್ತಾ ದೋಷ ಹುಡುಕಿದರೆ ಯಾವುದೂ ಸಿಗುವುದಿಲ್ಲ. ಕಾಂತವನ್ನು ತೆಗೆದು ಹರಿವನ್ನಷ್ಟೇ ಪರೀಕ್ಷಿಸಬೇಕು. ಹರಿವನ್ನು ನಿಲ್ಲಿಸಿ ಕಾಂತಕ್ಷೇತ್ರವನ್ನಷ್ಟೇ ಪರೀಕ್ಷಿಸಬೇಕು. ಎರಡೂ ಕೈಲೆಕ್ಕದೊಂದಿಗೆ ತಾಳೆಯಾದ ಮೇಲಷ್ಟೇ ಕಣಗಳನ್ನು ಬಿಡಬೇಕು. ರೋಗಿಯ ಸಿಟಿ ಸ್ಕ್ಯಾನಿನಿಂದ ತೆಗೆದ ವಕ್ರ ರಕ್ತನಾಳದಲ್ಲಿ ಕೈಲೆಕ್ಕ ಸಾಧ್ಯವಿಲ್ಲ, ಆದ್ದರಿಂದ ಅದೇ ಸೆಟಪ್ಪನ್ನು ಒಂದು ನೇರ ಕೊಳವೆಗೆ ಹಾಕಿ ನೋಡುವುದು ಅನಿವಾರ್ಯ. ಈ ಬರಹದುದ್ದಕ್ಕೂ ಒಂದೇ ಉದಾಹರಣೆಯನ್ನು ಹಿಡಿಯೋಣ: 3 ಮಿ.ಮೀ. ವ್ಯಾಸ, 100 ಮಿ.ಮೀ. ಉದ್ದದ ಕೊಳವೆ, ಅಂದರೆ ಸುಮಾರು ಒಂದು ಕರೋನರಿ ಅಪಧಮನಿಯ ಗಾತ್ರ. ಸರಾಸರಿ ವೇಗ ಸೆಕೆಂಡಿಗೆ 0.2 ಮೀಟರ್, ರಕ್ತದ ಸಾಂದ್ರತೆ ಘನಮೀಟರಿಗೆ 1060 ಕೆ.ಜಿ., ಸ್ನಿಗ್ಧತೆ 0.0035 ಪ್ಯಾಸ್ಕಲ್-ಸೆಕೆಂಡ್.

ಕಾಂತವಿಲ್ಲದ ಹರಿವು

ಈ ಕೊಳವೆಯ ರೆನಾಲ್ಡ್ಸ್ ಸಂಖ್ಯೆ, ಅಂದರೆ ಹರಿವಿನ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ, ಸುಮಾರು 182. ಹರಿವು ಪೂರ್ತಿ ಬೆಳೆದ ಭಾಗದಲ್ಲಿ ನಡುವಿನ ವೇಗ ಸೆಕೆಂಡಿಗೆ 0.4 ಮೀಟರ್, ಗೋಡೆಯ ಮೇಲಿನ ಶಿಯರ್ ಒತ್ತಡ (ಹರಿವು ಗೋಡೆಯನ್ನು ಉಜ್ಜುವ ಒತ್ತಡ) 1.87 ಪ್ಯಾಸ್ಕಲ್, 100 ಮಿ.ಮೀ. ಉದ್ದಕ್ಕೆ ಒತ್ತಡದ ಇಳಿಕೆ 249 ಪ್ಯಾಸ್ಕಲ್, ಅಂದರೆ ಪಾದರಸದ ಲೆಕ್ಕದಲ್ಲಿ 1.9 ಮಿ.ಮೀ.ಗಿಂತ ತುಸು ಕಡಿಮೆ ಬರಬೇಕು. ಈ ನಾಲ್ಕು ಅಂಕಿಗಳನ್ನು ಒಂದು ಕಾಗದದ ಮೇಲೆ ಬರೆದಿಟ್ಟುಕೊಂಡೇ ಸಿಮ್ಯುಲೇಷನ್ ಶುರು ಮಾಡುವುದು ಒಳ್ಳೆಯದು.

ಶಿಯರ್ ಒತ್ತಡ 0.0018ರ ಆಸುಪಾಸಿನಲ್ಲಿ, ಒತ್ತಡದ ಇಳಿಕೆ 0.235 ಎಂದು ಬಂದರೆ ಹರಿವಿನಲ್ಲಿ ಏನೂ ತಪ್ಪಿಲ್ಲ. ಓಪನ್‌ಫೋಮ್ ಎಂಬ ಹರಿವಿನ ತಂತ್ರಾಂಶದ ಸಂಕುಚನವಿಲ್ಲದ ಹರಿವಿನ ಸಾಲ್ವರ್‌ಗಳು ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿಯೇ ಕೊಡುತ್ತವೆ, ಆದ್ದರಿಂದ ಎರಡನ್ನೂ 1060ರಿಂದ ಗುಣಿಸಿದರೆ ಸರಿಹೋಗುತ್ತದೆ. ಇದೇ ನಿಯಮ ಸ್ನಿಗ್ಧತೆಗೆ ತಿರುಗುಮುರುಗಾಗಿ ಅನ್ವಯಿಸುತ್ತದೆ, ಮತ್ತು ಇಲ್ಲಿ ಹೆಚ್ಚು ಜನ ಎಡವುತ್ತಾರೆ. ಪದರಗಳು ಬೇಗ ಜಾರಿದಷ್ಟೂ ರಕ್ತದ ಸ್ನಿಗ್ಧತೆ ಇಳಿಯುವುದನ್ನು ಲೆಕ್ಕಕ್ಕೆ ತರುವ ಕ್ಯಾರೂ ಮಾದರಿಯಲ್ಲಿ ರಕ್ತಕ್ಕೆ ರೂಢಿಯಲ್ಲಿರುವ 0.056 ಮತ್ತು 0.00345 ಪ್ಯಾಸ್ಕಲ್-ಸೆಕೆಂಡ್ ಎಂಬ ಬೆಲೆಗಳನ್ನು ಹಾಗೆಯೇ ತುಂಬಿದರೆ ಸಾಲ್ವರ್ ಅವನ್ನು ಸಾಂದ್ರತೆಯಿಂದ ಈಗಾಗಲೇ ಭಾಗಿಸಿದ ಬೆಲೆಗಳೆಂದು ಓದುತ್ತದೆ, ಸ್ನಿಗ್ಧತೆ ಸಾವಿರ ಪಟ್ಟು ಏರಿ ರಕ್ತ ಜೇನುತುಪ್ಪದಂತೆ ಹರಿಯುತ್ತದೆ. ಸಾಲ್ವರ್ ಒಂದೂ ಎಚ್ಚರಿಕೆ ಕೊಡುವುದಿಲ್ಲ. ಬದಲಿಗೆ ಎಂದಿಗಿಂತ ಬೇಗ ಪರಿಹಾರಕ್ಕೆ ಬರುತ್ತದೆ. ತೀರಾ ಸುಲಭವಾಗಿ ಓಡುವ ರಕ್ತದ ಸಿಮ್ಯುಲೇಷನ್ ಕಂಡರೆ ಮೊದಲು ಸ್ನಿಗ್ಧತೆಯ ಫೈಲನ್ನು ತೆರೆಯಬೇಕು.

ಅಂದಹಾಗೆ, ಈ ಕೊಳವೆಯ ಗೋಡೆಯಲ್ಲಿ ಶಿಯರ್ ದರ (ಪದರಗಳು ಒಂದರ ಮೇಲೊಂದು ಜಾರುವ ದರ) ಸೆಕೆಂಡಿಗೆ 533. ಸೆಕೆಂಡಿಗೆ ನೂರನ್ನು ದಾಟಿದ ಮೇಲೆ ರಕ್ತದ ಸ್ನಿಗ್ಧತೆ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಇಂಥ ನಾಳದಲ್ಲಿ ಸ್ಥಿರ ಸ್ನಿಗ್ಧತೆಯಿಂದಲೇ ದೋಷ ಪತ್ತೆ ಮುಗಿಸಿ, ಕ್ಯಾರೂ ಮಾದರಿಯನ್ನು ಕೊನೆಗೆ ಸೇರಿಸಿಕೊಂಡರೆ ಸಾಕು. ವ್ಯಾಸ 300 ಮೈಕ್ರೋಮೀಟರಿಗಿಂತ ಕಡಿಮೆಯಾದಾಗ ಮಾತ್ರ ಬೇರೆ ಕಥೆ: 1931ರಲ್ಲಿ ಫೋರಿಯಸ್ ಮತ್ತು ಲಿಂಡ್‌ಕ್ವಿಸ್ಟ್ ತೋರಿಸಿದಂತೆ ಅಲ್ಲಿ ನಾಳ ಕಿರಿದಾದಷ್ಟೂ ರಕ್ತದ ಗೋಚರ ಸ್ನಿಗ್ಧತೆ ಇಳಿಯುತ್ತದೆ, ಅದನ್ನು ಕ್ಯಾರೂ ಮಾದರಿ ಹಿಡಿಯುವುದಿಲ್ಲ.

ರೆನಾಲ್ಡ್ಸ್ ಸಂಖ್ಯೆ 1.8 ಲಕ್ಷ ಎಂದು ಬಂದರೆ ಕಾರಣ ಹುಡುಕಬೇಕಾಗಿಯೇ ಇಲ್ಲ. ವೈದ್ಯಕೀಯ ಚಿತ್ರಗಳಿಂದ ತೆಗೆದ ಎಸ್‌ಟಿಎಲ್ ಫೈಲಿನ (ನಾಳದ ಮೇಲ್ಮೈಯನ್ನು ತ್ರಿಕೋನಗಳಲ್ಲಿ ಬರೆದಿಟ್ಟ ಫೈಲಿನ) ಅಳತೆಗಳು ಮಿಲಿಮೀಟರಿನಲ್ಲಿರುತ್ತವೆ, ಆದರೆ ಆ ಫೈಲಿನೊಳಗೆ ಏಕಮಾನ ಯಾವುದೆಂದು ಬರೆದಿರುವುದಿಲ್ಲ. ಮೀಟರ್ ಎಂದು ಓದುವ ಸಾಲ್ವರಿಗೆ ನಿಮ್ಮ ಅಪಧಮನಿ ಮೂರು ಮೀಟರ್ ಅಗಲದ ಸುರಂಗವಾಗಿ ಕಾಣುತ್ತದೆ. ಒಳತರುವಾಗಲೇ 0.001ರಿಂದ ಗುಣಿಸಿ, ಮೆಶ್‌ನ ಗಡಿಪೆಟ್ಟಿಗೆಯ ಅಳತೆಯನ್ನು ಕಣ್ಣಾರೆ ಓದಿ ಖಚಿತಪಡಿಸಿಕೊಳ್ಳಬೇಕು.

ನಾಡಿಮಿಡಿತವಿರುವ ಹರಿವಿನಲ್ಲಿ ಹೃದಯದ ಬಡಿತದ ಒಂದೇ ಹಂತದಲ್ಲಿ, ಸಾಮಾನ್ಯವಾಗಿ ವೇಗ ಇಳಿಯುವಾಗ, ಸಾಲ್ವರ್ ಕುಸಿಯುತ್ತಿದ್ದರೆ ನಿರ್ಗಮನ ದ್ವಾರದಲ್ಲಿ ರಕ್ತ ಹಿಂದಕ್ಕೆ ಹರಿಯುತ್ತಿದೆಯೇ ನೋಡಿ. ಸೊನ್ನೆ ಒತ್ತಡವನ್ನಷ್ಟೇ ಕೊಟ್ಟ ದ್ವಾರಕ್ಕೆ ಒಳಬರುವ ರಕ್ತದ ವೇಗ ಎಷ್ಟಿರಬೇಕೆಂದು ಗೊತ್ತಿರುವುದಿಲ್ಲ, ಹಾಗಾಗಿ ಅಲ್ಲಿಂದ ಶಕ್ತಿ ಲಂಗುಲಗಾಮಿಲ್ಲದೆ ಒಳನುಗ್ಗುತ್ತದೆ. ದ್ವಾರವನ್ನು ವ್ಯಾಸದ ಹತ್ತು ಪಟ್ಟಿನಷ್ಟು ಮುಂದಕ್ಕೆ ಚಾಚುವುದು ಮತ್ತು ಹಿಮ್ಮುಖ ಹರಿವನ್ನು ತಡೆಯುವ ಗಡಿ ಷರತ್ತನ್ನು ಹಾಕುವುದು ಇದಕ್ಕೆ ಪರಿಹಾರ. ಟೈಮ್ ಸ್ಟೆಪ್ಪನ್ನು (ಲೆಕ್ಕ ಮುನ್ನಡೆಯುವ ಕಾಲದ ಹೆಜ್ಜೆಯನ್ನು) ಚಿಕ್ಕದು ಮಾಡುತ್ತಾ ಹೋಗುವುದರಿಂದ ಕುಸಿತ ಮುಂದಕ್ಕೆ ಹೋಗುತ್ತದೆಯೇ ಹೊರತು ತಪ್ಪುವುದಿಲ್ಲ. ಪ್ರವೇಶ ದ್ವಾರದಲ್ಲಿ ಸಮನಾದ ವೇಗ ಕೊಟ್ಟಿದ್ದರೆ ಹರಿವು ಪೂರ್ತಿ ಬೆಳೆಯಲು ಈ ಉದಾಹರಣೆಯಲ್ಲಿ 33 ಮಿ.ಮೀ. ಬೇಕು, ಕಾಂತವನ್ನು ಅದಕ್ಕಿಂತ ಈಚೆಗೆ ಇಡಬಾರದು. ಮೊದಲ ಬಡಿತದ ಫಲಿತಾಂಶವನ್ನು ಎಂದೂ ನಂಬಬೇಡಿ. ಎರಡು ಸತತ ಬಡಿತಗಳ ವಕ್ರರೇಖೆಗಳು ಒಂದರ ಮೇಲೊಂದು ಕೂರುವವರೆಗೆ ಕಾಯಬೇಕು, ಅದಕ್ಕೆ ಸಾಮಾನ್ಯವಾಗಿ ಮೂರು ನಾಲ್ಕು ಬಡಿತಗಳು ಹಿಡಿಯುತ್ತವೆ.

ಹರಿವಿಲ್ಲದ ಕಾಂತ

10 ಮಿ.ಮೀ. ತ್ರಿಜ್ಯ, 20 ಮಿ.ಮೀ. ಉದ್ದದ ನಿಯೋಡಿಮಿಯಂ ಸಿಲಿಂಡರ್ ಕಾಂತವೊಂದನ್ನು ತೆಗೆದುಕೊಳ್ಳೋಣ. ಅದರ ರೆಮನೆನ್ಸ್, ಅಂದರೆ ಕಾಂತದಲ್ಲಿ ಶಾಶ್ವತವಾಗಿ ಉಳಿದಿರುವ ಕಾಂತತ್ವ, 1.3 ಟೆಸ್ಲಾ ಇರಲಿ. ಅಕ್ಷದ ಮೇಲಿನ ಕ್ಷೇತ್ರಕ್ಕೆ ಪಠ್ಯಪುಸ್ತಕದ ಸೂತ್ರವಿದೆ, ಅದರಂತೆ ಮುಖದ ಮೇಲೆ 0.58 ಟೆಸ್ಲಾ, 10 ಮಿ.ಮೀ. ದೂರದಲ್ಲಿ 0.157, 20 ಮಿ.ಮೀ.ನಲ್ಲಿ 0.049, 30 ಮಿ.ಮೀ.ನಲ್ಲಿ 0.021 ಟೆಸ್ಲಾ ಬರುತ್ತದೆ. ಗ್ರೇಡಿಯಂಟ್, ಅಂದರೆ ದೂರದೊಂದಿಗೆ ಕ್ಷೇತ್ರ ಬದಲಾಗುವ ದರ, ಕೂಡ ಬೇಗ ಕುಸಿಯುತ್ತದೆ: ಮುಖದ ಮೇಲೆ ಮೀಟರಿಗೆ 59 ಟೆಸ್ಲಾ ಇದ್ದದ್ದು 10 ಮಿ.ಮೀ.ನಲ್ಲಿ 21, 20 ಮಿ.ಮೀ.ನಲ್ಲಿ 4.9ಕ್ಕೆ ಇಳಿಯುತ್ತದೆ. ಕಣದ ಮೇಲಿನ ಬಲ ಕ್ಷೇತ್ರ ಮತ್ತು ಗ್ರೇಡಿಯಂಟ್ ಎರಡನ್ನೂ ಅವಲಂಬಿಸಿರುವುದರಿಂದ ಚರ್ಮದಿಂದ ನಾಳಕ್ಕಿರುವ ಆಳವನ್ನು ಒಂದು ಸೆಂಟಿಮೀಟರ್ ತಪ್ಪಾಗಿ ಹಾಕಿದರೂ ಬಲ ಹತ್ತು ಪಟ್ಟಿಗಿಂತ ಹೆಚ್ಚು ಬದಲಾಗುತ್ತದೆ. 1996ರಲ್ಲಿ ಜರ್ಮನಿಯಲ್ಲಿ ಲ್ಯೂಬೆ ಮತ್ತು ಸಂಗಡಿಗರು ಮುಂದುವರಿದ ಗಡ್ಡೆಗಳಿದ್ದ 14 ರೋಗಿಗಳ ಮೇಲೆ ಈ ಚಿಕಿತ್ಸೆಯ ಮೊದಲ ಹಂತದ ಪರೀಕ್ಷೆ ನಡೆಸಿದಾಗಿನಿಂದಲೂ ಆಳವೇ ಈ ವಿಧಾನದ ದೊಡ್ಡ ಮಿತಿ.

ನಿಮ್ಮ ಮಾದರಿಯ ಕ್ಷೇತ್ರ ಹತ್ತಿರದಲ್ಲಿ ಸರಿಯಿದ್ದು ದೂರದಲ್ಲಿ ಸೂತ್ರದೊಂದಿಗೆ ತಾಳೆಯಾಗದಿದ್ದರೆ, ಕಾಂತದ ಸುತ್ತಲಿನ ಗಾಳಿಯ ಪೆಟ್ಟಿಗೆ ಚಿಕ್ಕದಾಗಿದೆ ಎಂದರ್ಥ. ಪೆಟ್ಟಿಗೆಯನ್ನು ಎರಡು ಪಟ್ಟು ದೊಡ್ಡದು ಮಾಡಿದಾಗಲೂ ನಾಳದ ಜಾಗದಲ್ಲಿ ಕ್ಷೇತ್ರ ಬದಲಾಗದ ತನಕ ಬೆಳೆಸಬೇಕು. ಕ್ಷೇತ್ರವೇ ಸೂತ್ರಕ್ಕಿಂತ ನಿಧಾನವಾಗಿ ಇಳಿಯುತ್ತಿದ್ದರೆ ಮಾದರಿ ಎರಡು ಆಯಾಮದ್ದೇ ಎಂದು ನೋಡಿ: ಎರಡು ಆಯಾಮದಲ್ಲಿ ಬಿಡಿಸಿದ ಕಾಂತ ವಾಸ್ತವದಲ್ಲಿ ಪುಟದ ಹೊರಗೂ ಒಳಗೂ ಅನಂತವಾಗಿ ಚಾಚಿದ ಕಾಂತ, ಅದರ ಕ್ಷೇತ್ರ ದೂರದ ವರ್ಗಕ್ಕೆ ವಿಲೋಮವಾಗಿ ಇಳಿದರೆ ನಿಜವಾದ ಕಾಂತದ್ದು ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಎರಡು ಆಯಾಮದ ಮಾದರಿಯಿಂದ ಬಂದ ಸೆರೆಯ ಶೇಕಡಾವಾರನ್ನು ಚಿಕಿತ್ಸೆಯ ಬಗ್ಗೆ ಮಾತನಾಡಲು ಬಳಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಲದ ನಕ್ಷೆ ಮೆಟ್ಟಿಲು ಮೆಟ್ಟಿಲಾಗಿ, ಒಂದು ಕೋಶದಿಂದ ಪಕ್ಕದ ಕೋಶಕ್ಕೆ ಜಿಗಿಯುತ್ತಾ ಕಂಡರೆ ಕಾರಣ ಸರಳ. ಕಾಂತೀಯ ವಿಭವವನ್ನು ಒಮ್ಮೆ ಅವಕಲಿಸಿದರೆ ಕ್ಷೇತ್ರ, ಎರಡನೆಯ ಸಲ ಅವಕಲಿಸಿದರೆ ಗ್ರೇಡಿಯಂಟ್. ರೇಖೀಯ ಎಲಿಮೆಂಟ್‌ಗಳಲ್ಲಿ (ಒಳಗೆ ಬೆಲೆ ನೇರ ಗೆರೆಯಂತೆ ಬದಲಾಗುವ ಕೋಶಗಳಲ್ಲಿ) ಎರಡನೆಯ ಅವಕಲಜ ಎಂಬುದೇ ಉಳಿಯುವುದಿಲ್ಲ, ಸಾಫ್ಟ್‌ವೇರ್ ಹೇಗೋ ಸರಾಸರಿ ಮಾಡಿ ಏನನ್ನೋ ಕೊಡುತ್ತದೆ. ಕಾಮ್ಸಾಲ್‌ನಂಥ ತಂತ್ರಾಂಶದಲ್ಲಿ ಎಲಿಮೆಂಟಿನ ದರ್ಜೆ ಏರಿಸಬಹುದು, ಆದರೆ ಶಾಶ್ವತ ಕಾಂತ ಒಂದೇ ಇದ್ದು ಸುತ್ತ ಕಬ್ಬಿಣ ಇಲ್ಲವೆಂದಾದರೆ ಸೂತ್ರವನ್ನೇ ನೇರವಾಗಿ ಬಳಸುವುದು ಮೇಲು. ಸ್ವಂತವಾಗಿ ಕ್ಷೇತ್ರದ ಸಮೀಕರಣ ಬರೆದವರು ಅದರ ಡೈವರ್ಜೆನ್ಸ್ (ಒಂದು ಬಿಂದುವಿನಿಂದ ಹೊರಹೊಮ್ಮುವ ನಿವ್ವಳ ಪ್ರಮಾಣ) ಸೊನ್ನೆಯೇ ಎಂದು ಒಮ್ಮೆ ಲೆಕ್ಕ ಹಾಕಲಿ. ಲಂಬ ದಿಕ್ಕಿನ ಘಟಕವೊಂದನ್ನೇ ಬರೆದು ಅದು ಎತ್ತರದೊಂದಿಗೆ ಇಳಿಯುವಂತೆ ಮಾಡಿದ ಕ್ಷೇತ್ರ ಪ್ರಕೃತಿಯಲ್ಲಿ ಇರಲು ಸಾಧ್ಯವಿಲ್ಲ.

ಕಣಗಳು ಕಾಂತದಿಂದ ದೂರದ ಗೋಡೆಗೆ ಅಂಟುತ್ತಿದ್ದರೆ ಬಲದ ಚಿಹ್ನೆಯನ್ನು ತಿರುಗಿಸುವ ಮೊದಲು ಕಾಂತ ಎಲ್ಲಿ ಕೂತಿದೆ ಎಂದು ಪ್ಯಾರಾವ್ಯೂ ಎಂಬ ಚಿತ್ರಣ ತಂತ್ರಾಂಶದಲ್ಲಿ ನೋಡಿ. ಕ್ಷೇತ್ರದ ದಿಕ್ಕನ್ನು ತಿರುವಿದರೂ ಮೆದು ಕಾಂತೀಯ ಕಣದ (ಕ್ಷೇತ್ರವಿದ್ದಾಗ ಮಾತ್ರ ಕಾಂತವಾಗುವ ಕಣದ) ಮೇಲಿನ ಬಲ ಬಲವಾದ ಕ್ಷೇತ್ರದ ಕಡೆಗೇ ಇರುತ್ತದೆ, ಹಾಗಾಗಿ ಧ್ರುವಗಳು ಅದಲುಬದಲಾದದ್ದು ಕಾರಣವಾಗಲಾರದು. ವೈದ್ಯಕೀಯ ಚಿತ್ರಗಳಲ್ಲಿ ಎಲ್‌ಪಿಎಸ್ ಮತ್ತು ಆರ್‌ಎಎಸ್ ಎಂಬ ಎರಡು ನಿರ್ದೇಶಾಂಕ ಪದ್ಧತಿಗಳು ಚಾಲ್ತಿಯಲ್ಲಿವೆ. ಎರಡರ ನಡುವೆ ಮೊದಲ ಎರಡು ಅಕ್ಷಗಳ (ಎಡ-ಬಲ ಮತ್ತು ಹಿಂದೆ-ಮುಂದೆ) ಚಿಹ್ನೆ ಉಲ್ಟಾ. ನಾಳ ಒಂದರಲ್ಲಿ, ಕಾಂತದ ಸ್ಥಾನ ಇನ್ನೊಂದರಲ್ಲಿ ಇದ್ದರೆ ಎದೆಯ ಮೇಲಿಟ್ಟ ಕಾಂತ ಬೆನ್ನಿಗೆ ಹೋಗುತ್ತದೆ.

ಇನ್ನು ಸಮಕ್ಷೇತ್ರ. ಎಂಆರ್‌ಐ ಯಂತ್ರದ ನಡುವಿನಲ್ಲಿರುವಂಥ 3 ಟೆಸ್ಲಾ ಸಮಕ್ಷೇತ್ರ ಹಾಕಿದ್ದೇನೆ, ಆದರೂ ಕಣ ಕದಲುತ್ತಿಲ್ಲ ಎಂದರೆ ಮಾದರಿ ಸರಿಯಾಗಿದೆ. ಸಮಕ್ಷೇತ್ರ ಕಣವನ್ನು ತಿರುಗಿಸುತ್ತದೆ, ಎಳೆಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಬರೀಷ್ ಘೋಷ್ ಅವರ ತಂಡ ರೂಪಿಸಿದ ಸುರುಳಿಯಾಕಾರದ ನ್ಯಾನೊ ಈಜುಗಗಳು ತಿರುಗುವ ಸಮಕ್ಷೇತ್ರದಲ್ಲಿ ಮುಂದೆ ಸಾಗುವುದು ತಮ್ಮ ತಿರುಪಿನ ಆಕಾರದಿಂದಾಗಿ. ದುಂಡಗಿನ ಕಣಕ್ಕೆ ಆ ಅನುಕೂಲವಿಲ್ಲ.

ರಕ್ತವೇ ನಿಧಾನವಾಗುತ್ತಿದೆ ಎಂಬ ಲಕ್ಷಣ

ರಕ್ತ ವಿದ್ಯುತ್ ವಾಹಕ, ಆದ್ದರಿಂದ ಕಾಂತಕ್ಷೇತ್ರ ಅದರ ಹರಿವಿಗೆ ತಡೆ ಒಡ್ಡುತ್ತದೆ ಎಂಬುದು ನಿಜ. ಎಷ್ಟು ತಡೆ ಎಂಬುದೇ ಪ್ರಶ್ನೆ. ರಕ್ತದ ವಾಹಕತೆ ಮೀಟರಿಗೆ ಸುಮಾರು 0.7 ಸೀಮೆನ್ಸ್, ನಮ್ಮ ಕೊಳವೆಯಲ್ಲಿ 3 ಟೆಸ್ಲಾ ಕ್ಷೇತ್ರವಿದ್ದರೂ ತಡೆಬಲ ಘನಮೀಟರಿಗೆ ಅತಿ ಹೆಚ್ಚೆಂದರೆ 1.3 ನ್ಯೂಟನ್, ಆದರೆ ರಕ್ತವನ್ನು ತಳ್ಳುತ್ತಿರುವ ಒತ್ತಡದ ಬಲ ಘನಮೀಟರಿಗೆ 2490 ನ್ಯೂಟನ್. ಎರಡು ಸಾವಿರದಲ್ಲಿ ಒಂದು ಪಾಲು. ಕಾಂತದ ತಡೆಯನ್ನು ಸ್ನಿಗ್ಧತೆಯ ತಡೆಯೊಂದಿಗೆ ಹೋಲಿಸುವ ಹಾರ್ಟ್‌ಮನ್ ಸಂಖ್ಯೆ, ತ್ರಿಜ್ಯದ ಲೆಕ್ಕದಲ್ಲಿ, 0.064. ವೇಗದ ವಕ್ರರೇಖೆ ಚಪ್ಪಟೆಯಾಗಿ ಕಾಣಲು ಈ ಸಂಖ್ಯೆ ಐದರ ಹತ್ತಿರ ಬರಬೇಕೆಂದುಕೊಂಡರೆ ಈ ನಾಳಕ್ಕೆ 236 ಟೆಸ್ಲಾ ಕ್ಷೇತ್ರ ಬೇಕಾಗುತ್ತದೆ. ಯಾವ ಆಸ್ಪತ್ರೆಯಲ್ಲೂ ಅದರ ಹತ್ತಿರದ್ದೂ ಇಲ್ಲ. ಹಾರ್ಟ್‌ಮನ್ ಸಂಖ್ಯೆಗೆ ಎರಡು, ನಾಲ್ಕು, ಆರು ಎಂದು ಬೆಲೆ ಕೊಟ್ಟು ಅಪಧಮನಿಯ ಹರಿವನ್ನು ಬಿಡಿಸುವ ಲೇಖನಗಳನ್ನು ಓದುವಾಗ ಅದು ಎಷ್ಟು ಟೆಸ್ಲಾ ಎಂದು ತಿರುಗಿ ಲೆಕ್ಕ ಹಾಕಿ ನೋಡುವ ಅಭ್ಯಾಸ ಒಳ್ಳೆಯದು.

ಹೀಗಿದ್ದೂ ನಿಮ್ಮ ಮಾದರಿಯಲ್ಲಿ ರಕ್ತ ನಿಂತೇ ಹೋಗುತ್ತಿದ್ದರೆ ವಾಹಕತೆಯ ಬೆಲೆಯನ್ನು ನೋಡಿ. ಓಪನ್‌ಫೋಮ್‌ನ ಎಂಎಚ್‌ಡಿಫೋಮ್ ಎಂಬ, ವಿದ್ಯುತ್ ವಾಹಕ ದ್ರವಗಳ ಸಾಲ್ವರಿನ ಹಾರ್ಟ್‌ಮನ್ ಉದಾಹರಣೆಯನ್ನು ನಕಲು ಮಾಡಿಕೊಂಡು ಕೆಲಸ ಶುರು ಮಾಡುವವರು ಹೆಚ್ಚು; ಅದರಲ್ಲಿ ಸಾಂದ್ರತೆ, ಸ್ನಿಗ್ಧತೆ, ವಾಹಕತೆ ಎಲ್ಲಕ್ಕೂ 1 ಎಂದೇ ಇರುತ್ತದೆ, ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಬರುವುದು ರಕ್ತವೂ ಅಲ್ಲ, ಪಾದರಸವೂ ಅಲ್ಲ. ಬೆಲೆಗಳನ್ನೆಲ್ಲ ಸರಿಯಾಗಿ ಹಾಕಿದರೆ ಇದೇ ಸಾಲ್ವರ್ ಬೇರೆ ರೀತಿ ಕಾಡುತ್ತದೆ. ಅದು ಕಾಂತಕ್ಷೇತ್ರದ ವಿಸರಣವನ್ನೂ ಕಾಲದೊಂದಿಗೆ ಬಿಡಿಸುತ್ತದೆ, ಮತ್ತು ರಕ್ತದಲ್ಲಿ ಆ ವಿಸರಣಾಂಕ ಸೆಕೆಂಡಿಗೆ ಹತ್ತು ಲಕ್ಷ ಚದರ ಮೀಟರಿಗಿಂತ ಹೆಚ್ಚು, ಆದರೆ ರಕ್ತದ ಸ್ನಿಗ್ಧತೆಯ ವಿಸರಣಾಂಕ ಅದರ ಲಕ್ಷ ಕೋಟಿಯಲ್ಲಿ ಸುಮಾರು ಮೂರು ಪಾಲು ಅಷ್ಟೇ. ಇಂಥ ಎರಡನ್ನು ಒಂದೇ ನೊಗಕ್ಕೆ ಕಟ್ಟುವ ಅಗತ್ಯವೇ ಇಲ್ಲ. ಹರಿವಿನಿಂದ ಕಾಂತಕ್ಷೇತ್ರ ಬದಲಾಗುವುದಿಲ್ಲ ಎಂದಿಟ್ಟುಕೊಂಡು, ವಿದ್ಯುತ್ ವಿಭವದ ಸಮೀಕರಣವನ್ನಷ್ಟೇ ಬಿಡಿಸಿ ಅದರಿಂದ ವಿದ್ಯುತ್ ಪ್ರವಾಹ ತೆಗೆದರೆ ಸಾಕು. ಆ ವಿಭವವನ್ನೂ ಬಿಟ್ಟು ವೇಗ ಮತ್ತು ಕ್ಷೇತ್ರದ ವರ್ಗದ ಗುಣಲಬ್ಧವನ್ನೇ ತಡೆ ಎಂದು ಹಾಕುವುದು ಸುಲಭ, ಆದರೆ ನಾಳದ ಗೋಡೆ ಹೊರಗೆ ಪ್ರವಾಹ ಬಿಡದಿದ್ದಾಗ ಅದು ತಡೆಯನ್ನು ಇನ್ನಷ್ಟು ಉತ್ಪ್ರೇಕ್ಷಿಸುತ್ತದೆ.

ತಡೆ ನಗಣ್ಯವಾದರೂ ವಿದ್ಯುತ್ ಪರಿಣಾಮ ನಗಣ್ಯವಲ್ಲ. 25 ಮಿ.ಮೀ. ಮಹಾಪಧಮನಿಯಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದ ರಕ್ತ 3 ಟೆಸ್ಲಾ ಕ್ಷೇತ್ರವನ್ನು ಅಡ್ಡಹಾಯ್ದರೆ ನಾಳದ ಅಡ್ಡಕ್ಕೆ 75 ಮಿಲಿವೋಲ್ಟ್‌ವರೆಗೆ ವಿಭವ ಹುಟ್ಟಬಹುದು. ಎಂಆರ್‌ಐ ಒಳಗೆ ತೆಗೆದ ಇಸಿಜಿಯಲ್ಲಿ ಟಿ ಅಲೆ ಉಬ್ಬುವುದು ಇದರಿಂದಲೇ.

ಕಾಂತದ ಕೆಳಗೆ ರಕ್ತ ಸುಳಿ ಸುತ್ತುತ್ತಿದ್ದರೆ ಅದೂ ಅನುಮಾನಕ್ಕೆ ಅರ್ಹ. ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಕಾಂತದಿಂದ ದೂರ ಸರಿಯುವ, ಆಮ್ಲಜನಕ ಕಳೆದುಕೊಂಡದ್ದು ಕಾಂತದೆಡೆ ಸೆಳೆಯಲ್ಪಡುವ ಗುಣದ್ದು ಎಂದು ಪಾಲಿಂಗ್ ಮತ್ತು ಕೊರಿಯೆಲ್ 1936ರಲ್ಲೇ ತೋರಿಸಿದರು, ಆದರೆ ಎರಡೂ ಅತಿ ದುರ್ಬಲ. ರಕ್ತದುದ್ದಕ್ಕೂ ಸಸೆಪ್ಟಿಬಿಲಿಟಿ (ಕಾಂತಕ್ಷೇತ್ರಕ್ಕೆ ಸ್ಪಂದಿಸುವ ಪ್ರಮಾಣ) ಒಂದೇ ಎಂದು ಹಾಕಿದ್ದರೆ ಆ ಬಲವನ್ನು ಒತ್ತಡವೇ ಪೂರ್ತಿ ನುಂಗಿಕೊಳ್ಳಬೇಕು, ಸುಳಿಗೆ ಜಾಗವಿಲ್ಲ. ಸುಳಿ ಬಂದರೆ ಬಲ ಮತ್ತು ಒತ್ತಡವನ್ನು ಮೆಶ್‌ನ ಬೇರೆ ಬೇರೆ ಬಿಂದುಗಳಲ್ಲಿ ಲೆಕ್ಕ ಹಾಕಿದ್ದರ ಫಲ ಅದು.

ಸೆರೆಸಿಕ್ಕ ಕಣಗಳ ಶೇಕಡಾವಾರು

ನಿಜವಾದ ಕಷ್ಟ ಇರುವುದು ಇಲ್ಲಿ. ಒಂದು ಮೈಕ್ರೋಮೀಟರ್ ವ್ಯಾಸದ, ಪೂರ್ತಿ ಮ್ಯಾಗ್ನೆಟೈಟ್‌ನ (ಕಾಂತೀಯ ಕಬ್ಬಿಣದ ಆಕ್ಸೈಡಿನ) ದುಂಡು ಕಣವನ್ನು ಮೇಲೆ ಹೇಳಿದ ಕಾಂತದಿಂದ 20 ಮಿ.ಮೀ. ದೂರದಲ್ಲಿಟ್ಟರೆ ಅದರ ಮೇಲಿನ ಬಲ ಸುಮಾರು 0.3 ಪಿಕೊನ್ಯೂಟನ್. ಪ್ಲಾಸ್ಮಾದ ಸ್ನಿಗ್ಧತೆಯಲ್ಲಿ, ಅಂದರೆ 0.0012 ಪ್ಯಾಸ್ಕಲ್-ಸೆಕೆಂಡಿನಲ್ಲಿ, ಆ ಬಲಕ್ಕೆ ಕಣ ಸೆಕೆಂಡಿಗೆ 26 ಮೈಕ್ರೋಮೀಟರ್ ಸರಿಯುತ್ತದೆ. ಅದೇ ಹೊತ್ತಿಗೆ ರಕ್ತ ಸೆಕೆಂಡಿಗೆ ಎರಡು ಲಕ್ಷ ಮೈಕ್ರೋಮೀಟರ್ ಓಡುತ್ತಿದೆ. ಗೋಡೆಯ ಪಕ್ಕದಲ್ಲಿ ಹರಿವು ನಿಧಾನವಾದ್ದರಿಂದ ಅಲ್ಲಿನ ಕೆಲವು ಕಣಗಳಷ್ಟೇ ಸಿಗುತ್ತವೆ. ಎಷ್ಟು ದಪ್ಪದ ಪದರ ಎಂಬುದಕ್ಕೆ ಒಂದು ಕೈಲೆಕ್ಕವಿದೆ: ಕಾಂತದ ಪ್ರಭಾವವಿರುವ ಉದ್ದ, ನಾಳದ ತ್ರಿಜ್ಯ ಮತ್ತು ಕಣ ಸರಿಯುವ ವೇಗ ಮೂರನ್ನೂ ಗುಣಿಸಿ, ಸರಾಸರಿ ವೇಗದ ಎರಡರಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ಪ್ರಭಾವದ ಉದ್ದ 20 ಮಿ.ಮೀ. ಎಂದಿಟ್ಟುಕೊಂಡರೆ ಬರುವುದು 45 ಮೈಕ್ರೋಮೀಟರ್. ಸುತ್ತಲಿನ ಇಡೀ ಗೋಡೆಯೇ ಕಾಂತದ ಕಡೆಗಿದೆ ಎಂದು ಉದಾರವಾಗಿ ಲೆಕ್ಕ ಹಾಕಿದರೂ ಆ ಪದರದಲ್ಲಿ ಹರಿಯುವ ರಕ್ತ ಒಟ್ಟು ಹರಿವಿನ ಶೇ 0.34. ಕಾಂತವನ್ನು 10 ಮಿ.ಮೀ.ಗೆ ತಂದರೆ ಪದರ 165 ಮೈಕ್ರೋಮೀಟರ್ ಆಗಿ ಶೇ 4ರ ಆಸುಪಾಸಿಗೆ ಏರುತ್ತದೆ. ಸಿಮ್ಯುಲೇಷನ್ ಶೇ 60 ಎಂದರೆ ದೋಷವಿದೆ. ಎಲ್ಲಿ ಎಂದು ಹುಡುಕುವುದಷ್ಟೇ ಬಾಕಿ.

ಮೊದಲ ಅನುಮಾನ ಕಣಗಳನ್ನು ಬಿಟ್ಟ ರೀತಿಯ ಮೇಲೆ. ಪ್ರವೇಶ ದ್ವಾರದ ವಿಸ್ತೀರ್ಣದ ಮೇಲೆಲ್ಲ ಸಮನಾಗಿ ಹರಡಿ ಬಿಟ್ಟು, ಸಿಕ್ಕವನ್ನು ಎಣಿಸಿ ಒಟ್ಟಿನಿಂದ ಭಾಗಿಸುವುದು ರೂಢಿ. ಆದರೆ ನಡುವಿನಲ್ಲಿ ವೇಗ ಹೆಚ್ಚಾದ್ದರಿಂದ ಅಲ್ಲಿಂದ ಹೆಚ್ಚು ಕಣಗಳು ಬರಬೇಕು, ಗೋಡೆಯ ಬಳಿ ಕಡಿಮೆ. ಮೇಲಿನ 45 ಮೈಕ್ರೋಮೀಟರ್ ಪದರ ವಿಸ್ತೀರ್ಣದಲ್ಲಿ ಶೇ 5.9, ಹರಿವಿನಲ್ಲಿ ಶೇ 0.34, ಇಷ್ಟರಿಂದಲೇ ಉತ್ತರ ಹದಿನೇಳು ಪಟ್ಟು ಉಬ್ಬುತ್ತದೆ. ಪ್ರತಿ ಕಣಕ್ಕೂ ಅದು ಹೊರಟ ಜಾಗದ ವೇಗವನ್ನು ತೂಕವಾಗಿ ಕೊಟ್ಟರೆ ಸರಿಯಾಗುತ್ತದೆ. ಸಾವಿರ ಕಣ ಬಿಟ್ಟು ಅದರಲ್ಲಿ ಮೂರು ಸಿಕ್ಕವು ಎಂಬುದೂ ಒಂದು ಫಲಿತಾಂಶವಲ್ಲ, ಮುಂದಿನ ಸಲ ಒಂದೋ ಐದೋ ಸಿಗಬಹುದು. ನಾಳದ ನಡುವೆ ಕಣ ಬಿಡುವುದನ್ನೇ ನಿಲ್ಲಿಸಿ, ಗೋಡೆಯ ಪಕ್ಕದಲ್ಲಿ ಯಾವ ಎತ್ತರದಿಂದ ಹೊರಟ ಕಣ ಸಿಗುತ್ತದೆ, ಯಾವುದು ತಪ್ಪಿಸಿಕೊಳ್ಳುತ್ತದೆ ಎಂಬ ಗೆರೆಯನ್ನು ಹುಡುಕಿದರೆ ಕೆಲವೇ ಕಣಗಳಲ್ಲಿ ನಿಖರ ಉತ್ತರ ಬರುತ್ತದೆ.

ಎರಡನೆಯದು ಮೆಶ್. ಗೋಡೆಗೆ ತಾಗಿದ ಕೋಶದ ದಪ್ಪ 100 ಮೈಕ್ರೋಮೀಟರ್ ಇದ್ದರೆ ಸೆರೆಯ ನಾಟಕವೆಲ್ಲ ಆ ಒಂದೇ ಕೋಶದೊಳಗೆ ನಡೆದುಹೋಗುತ್ತದೆ. ವೇಗವನ್ನು ಕೋಶದ ನಡುಬಿಂದುವಿನಿಂದಲೇ ತೆಗೆದುಕೊಳ್ಳುವ ವ್ಯವಸ್ಥೆಯಲ್ಲಿ ಗೋಡೆಗೆ ಅಂಟಿಕೊಂಡ ಕಣವೂ 50 ಮೈಕ್ರೋಮೀಟರ್ ಎತ್ತರದ ವೇಗದಲ್ಲಿ ಓಡುತ್ತದೆ, ಒಂದೂ ಸಿಗುವುದಿಲ್ಲ. ಕೈಲೆಕ್ಕ ಕೊಟ್ಟ ಪದರದೊಳಗೆ ಕನಿಷ್ಠ ಐದಾರು ಕೋಶಗಳಿರುವಂತೆ, ಮೊದಲನೆಯದು 5 ಮೈಕ್ರೋಮೀಟರಿನಷ್ಟಿರುವಂತೆ ಗೋಡೆಯ ಪದರಗಳನ್ನು ಕಟ್ಟಬೇಕು. ಕಣವೇ ಸಿಗುತ್ತಿಲ್ಲ ಎಂಬ ಮೊದಲ ದೂರಿಗೆ ಇನ್ನೊಂದು, ನಾಚಿಕೆಯಾಗುವಷ್ಟು ಸರಳ ಕಾರಣವೂ ಇರುತ್ತದೆ: ಗೋಡೆಗೆ ತಾಗಿದ ಕಣ ಅಂಟಬೇಕೇ ಪುಟಿಯಬೇಕೇ ಎಂಬ ಆಯ್ಕೆ ಪುಟಿಯುವುದಕ್ಕೇ ಉಳಿದಿರುತ್ತದೆ.

ಮೂರನೆಯದು ಬಲದ ಸೂತ್ರ. ಕಣದ ಕಾಂತೀಕರಣ ಕ್ಷೇತ್ರಕ್ಕೆ ಅನುಪಾತದಲ್ಲಿ ಏರುತ್ತಲೇ ಹೋಗುತ್ತದೆ ಎಂಬ ರೇಖೀಯ ಸೂತ್ರ ದುರ್ಬಲ ಕ್ಷೇತ್ರದಲ್ಲಿ ಸರಿ. ದುಂಡು ಕಣದ ಪರಿಣಾಮಕಾರಿ ಸಸೆಪ್ಟಿಬಿಲಿಟಿ ಹೆಚ್ಚೆಂದರೆ 3. ಮ್ಯಾಗ್ನೆಟೈಟ್‌ನ ಸ್ಯಾಚುರೇಷನ್, ಅಂದರೆ ಕಾಂತೀಕರಣ ಏರಬಲ್ಲ ಗರಿಷ್ಠ ಮಿತಿ, ಮೀಟರಿಗೆ ಸುಮಾರು 4.46 ಲಕ್ಷ ಆಂಪಿಯರ್. ಈ ಎರಡು ಸೇರುವುದು 0.19 ಟೆಸ್ಲಾದ ಹತ್ತಿರ. ಅದನ್ನು ದಾಟಿದ ಮೇಲೂ ರೇಖೀಯ ಸೂತ್ರವನ್ನೇ ಬಳಸಿದರೆ ನಮ್ಮ ಕಾಂತದ ಮುಖದ ಬಳಿ ಬಲ ಮೂರು ಪಟ್ಟು, 1 ಟೆಸ್ಲಾ ಕ್ಷೇತ್ರದಲ್ಲಿ ಐದು ಪಟ್ಟಿಗಿಂತ ಹೆಚ್ಚು ಬರುತ್ತದೆ. ಕಾಂತ ದೂರವಿದ್ದಾಗ ಪ್ರಯೋಗದೊಂದಿಗೆ ತಾಳೆಯಾಗಿ, ಹತ್ತಿರ ತಂದಾಗ ಮಾತ್ರ ಅತಿಯಾಗುವ ಮಾದರಿಯ ರೋಗ ಇದೇ. ಎಲ್ಲ ದೂರದಲ್ಲೂ ಒಂದೇ ಪ್ರಮಾಣದಲ್ಲಿ, ಎಂಟು ಪಟ್ಟು ಹೆಚ್ಚಾಗಿದ್ದರೆ ತ್ರಿಜ್ಯದ ಜಾಗದಲ್ಲಿ ವ್ಯಾಸ ಸೇರಿಕೊಂಡಿದೆ. ಮಾರುಕಟ್ಟೆಯಲ್ಲಿ ಸಿಗುವ ಕಣಗಳಲ್ಲಿ ಪಾಲಿಮರ್ ಒಳಗೆ ಮ್ಯಾಗ್ನೆಟೈಟ್ ಒಂದು ಭಾಗ ಮಾತ್ರ ಇರುತ್ತದೆ ಎಂಬುದನ್ನು ಮರೆತರೂ ಇಂಥದೇ ಸಮಪ್ರಮಾಣದ ಉಬ್ಬರ ಕಾಣುತ್ತದೆ.

ಕಣಗಳನ್ನು ಬಿಟ್ಟ ಕ್ಷಣವೇ ಅವು ನಾಳದಾಚೆಗೆ ಚಿಮ್ಮಿದರೆ ಅಥವಾ ವೇಗ ಅಸಂಬದ್ಧ ಅಂಕಿಗೆ ಏರಿದರೆ ಟೈಮ್ ಸ್ಟೆಪ್ ನೋಡಿ. ಈ ಗಾತ್ರದ ಕಣ ರಕ್ತದ ವೇಗಕ್ಕೆ ಹೊಂದಿಕೊಳ್ಳಲು ತೆಗೆದುಕೊಳ್ಳುವ ಕಾಲ ಸುಮಾರು 80 ನ್ಯಾನೊಸೆಕೆಂಡ್, ಪ್ಲಾಸ್ಮಾದಲ್ಲಿ ಅದರ ಮೂರು ಪಟ್ಟು. ಹರಿವಿನ ಟೈಮ್ ಸ್ಟೆಪ್ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗ. ನೇರ ವಿಧಾನದಲ್ಲಿ (ಹಿಂದಿನ ಹೆಜ್ಜೆಯ ಬೆಲೆಗಳಿಂದಲೇ ಮುಂದಿನದನ್ನು ಲೆಕ್ಕ ಹಾಕುವಾಗ) ಇದು ಸಿಡಿಯಲೇಬೇಕು. ಕಣದ ಜಡತ್ವವನ್ನೇ ಕೈಬಿಟ್ಟು, ಅದರ ವೇಗ ಎಂದರೆ ರಕ್ತದ ವೇಗಕ್ಕೆ ಕಾಂತ ಸರಿಸುವ ವೇಗ ಕೂಡಿದ್ದು ಎಂದು ಬರೆದರೆ ಫಲಿತಾಂಶ ಬದಲಾಗದೆ ತೊಂದರೆ ಮಾತ್ರ ಹೋಗುತ್ತದೆ. ಕೆಂಪು ರಕ್ತಕಣಗಳು ಸಣ್ಣ ಕಣಗಳನ್ನು ಗೋಡೆಯ ಕಡೆಗೆ ತಳ್ಳುವ ಪರಿಣಾಮ ಇಂಥ ಮಾದರಿಯಲ್ಲಿ ಇರುವುದಿಲ್ಲ. ಪ್ರಯೋಗದಲ್ಲಿ ಸೆರೆ ಸ್ವಲ್ಪ ಹೆಚ್ಚು ಕಂಡರೆ ಅದಕ್ಕಾಗಿ ಸಸೆಪ್ಟಿಬಿಲಿಟಿಯನ್ನು ತಿದ್ದಿ ಕೂರಿಸುವುದು ಸರಿಯಲ್ಲ. ಮಿಲಿಮೀಟರ್ ವೇಗದ ಲೋಮನಾಳಗಳಲ್ಲಿ ಇದೇ ಕಣ ಸುಲಭವಾಗಿ ನಿಲ್ಲುತ್ತದೆ, ಚಿಕಿತ್ಸೆಯ ಗುರಿಯೂ ಗಡ್ಡೆಯ ಆ ಸಣ್ಣ ನಾಳಗಳೇ.

ಬಿಸಿಯ ಚಿಕಿತ್ಸೆಯಾದರೆ

ಹಿಡಿದು ನಿಲ್ಲಿಸಿದ ಕಣಗಳನ್ನು ಪರ್ಯಾಯ (ದಿಕ್ಕು ಬದಲಿಸುತ್ತಲೇ ಇರುವ) ಕ್ಷೇತ್ರದಿಂದ ಬಿಸಿ ಮಾಡುವ ಮಾದರಿಯಲ್ಲಿ ಉಷ್ಣತೆ 37 ಡಿಗ್ರಿಯಿಂದ ಏರುವುದೇ ಇಲ್ಲವೆಂದರೆ ಅಂಗಾಂಶದ ಉಷ್ಣತೆಯನ್ನು ಲೆಕ್ಕ ಹಾಕುವ 1948ರ ಪೆನ್ಸ್ ಸಮೀಕರಣದ ರಕ್ತಪೂರೈಕೆಯ ಪದವನ್ನು ನೋಡಿ. ವೈದ್ಯಕೀಯ ಕೋಷ್ಟಕಗಳು ಅದನ್ನು 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ಕೊಡುತ್ತವೆ. ಅಲ್ಲಿನ 50 ಎಂಬುದು ಸಮೀಕರಣದಲ್ಲಿ ಸೆಕೆಂಡಿಗೆ 0.0088 ಆಗಬೇಕು. ಶಾಖ ಎರಡು ಪಟ್ಟು ಹೆಚ್ಚು ಅಥವಾ ಅರ್ಧ ಬಂದರೆ ಕ್ಷೇತ್ರದ ಶಿಖರ ಬೆಲೆ ಮತ್ತು ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ಬೆಲೆ ಅದಲುಬದಲಾಗಿವೆ. ಕ್ಷೇತ್ರವನ್ನು ಏರಿಸಿ ಸರಿಪಡಿಸುವ ಮುನ್ನ ಅಟ್ಕಿನ್ಸನ್, ಬ್ರೆಜೊವಿಚ್ ಮತ್ತು ಸಂಗಡಿಗರು 1984ರಲ್ಲಿ ಕೊಟ್ಟ ಮಿತಿಯನ್ನು ನೆನಪಿಡಬೇಕು: ಕ್ಷೇತ್ರ ಮತ್ತು ಆವರ್ತನದ ಗುಣಲಬ್ಧ 48.5 ಕೋಟಿ ಆಂಪಿಯರ್ ಪ್ರತಿ ಮೀಟರ್-ಸೆಕೆಂಡ್ ದಾಟಬಾರದು, ಅಂದರೆ 100 ಕಿಲೋಹರ್ಟ್ಸ್‌ನಲ್ಲಿ ಮೀಟರಿಗೆ 4850 ಆಂಪಿಯರ್. ಸುರುಳಿ ಸುತ್ತುವ ದೇಹಭಾಗ ಚಿಕ್ಕದಾದಷ್ಟೂ ಈ ಮಿತಿ ಸಡಿಲವಾಗುತ್ತದೆ. ಇದೆಲ್ಲ ಸರಿಯಿದ್ದೂ ಗಡ್ಡೆಯ ಒಂದು ಅಂಚು ಪ್ರಯೋಗದಲ್ಲಿ ತಣ್ಣಗಿದ್ದು ಮಾದರಿಯಲ್ಲಿ ಬಿಸಿಯಾಗಿದ್ದರೆ ಪಕ್ಕದಲ್ಲಿ ದೊಡ್ಡ ನಾಳವೊಂದು ಹಾದುಹೋಗುತ್ತಿದೆಯೇ ನೋಡಬೇಕು. ಪೆನ್ಸ್ ಸಮೀಕರಣ ಸಣ್ಣ ನಾಳಗಳ ಜಾಲಕ್ಕೆ ಬರೆದದ್ದು. ನಮ್ಮ ಉದಾಹರಣೆಯ 3 ಮಿ.ಮೀ. ನಾಳ ಹೊತ್ತೊಯ್ಯುವ ಶಾಖವನ್ನು ಪಡೆಯಲು ಅದರೊಳಗಿನ ಹರಿವನ್ನು ಮೊದಲ ಹಂತದಲ್ಲಿ ಮಾಡಿದಂತೆಯೇ ಪ್ರತ್ಯೇಕವಾಗಿ ಬಿಡಿಸಿ, ಉಷ್ಣತೆಯ ಸಮೀಕರಣವನ್ನು ಅದಕ್ಕೆ ಜೋಡಿಸಬೇಕು.